ಸಾಯಿಸುವ ಗೇಮ್, ಸಾಯಿಸದ ಗೇಮ್: ಮಕ್ಕಳ ಕೈಗೆ ಯಾವುದನ್ನು ಕೊಡಬೇಕು?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರದ ತೋಟದ ಮನೆಯಿಂದ ಅಕ್ಕ ಫೋನ್ ಮಾಡಿದಳು. ಮಗನಿಗೆ ಆಗಷ್ಟೇ 13 ತುಂಬಿತ್ತು. "ಇವನಿಗೆ ಒಂದೊಳ್ಳೆ ಗೇಮ್ ಹಾಕ್ಕೊಡೋ. ಸಾಯ್ಸೋದು ಮಾತ್ರ ಬೇಡ ಕಣೋ" ಅಂದಳು. ಆಯ್ತು ಅಂದೆ. ಫೋನ್ ಇಟ್ಟ ಮೇಲೆ ಯೋಚನೆ ಶುರುವಾಯಿತು. ಚೆಸ್‌ನಲ್ಲೂ ಆನೆ ಹೊಡೆದೆ, ಕುದುರೆ ಹೊಡೆದೆ ಅನ್ನುತ್ತೇವೆ. ಅದನ್ನು ಯಾವ ತಾಯಿಯೂ ಬೇಡ ಅನ್ನುವುದಿಲ್ಲ. ಹಾಗಾದರೆ ಅಕ್ಕ ಬೇಡ ಅಂದಿದ್ದು ಯಾವುದನ್ನು?

ನಾನು ಹಾಸನದವನು. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಕಾಲದಿಂದ ಗೇಮ್ ಆಡುತ್ತಿದ್ದೇನೆ. ಗುಂಡು ಹಾರಿಸುವ ಗೇಮೂ ಇಷ್ಟ, ಹೊಲ ಮಾಡುವ ಗೇಮೂ ಇಷ್ಟ. ಆ ಹುಡುಗನಿಗೆ ಗೇಮ್ ಹುಡುಕಲು ಹೋಗಿ, ಹಲವು ತಿಂಗಳು ಅವನ ಪಕ್ಕದಲ್ಲೇ ಕೂತು ಆಡಿದೆ. ಅಕ್ಕನ ಹಾಗೇ ಕೇಳುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸಳನೂ ನಮ್ಮವನೇ, ಬಾಹುಬಲಿಯೂ ನಮ್ಮವನೇ

ಬೇಲೂರಿಗೆ ಹೋದವರು ಸಳನ ವಿಗ್ರಹ ನೋಡಿರುತ್ತೀರಿ. ಮೇಲೆ ಎರಗುತ್ತಿರುವ ಮೃಗ, ಎದುರಿಗೆ ಆಯುಧ ಹಿಡಿದ ಹುಡುಗ. ಗುರುಗಳು "ಹೊಯ್ ಸಳ" ಅಂದರು, ಅವನು ಹೊಡೆದ. ಹೊಯ್ಸಳರ ಹೆಸರೇ ಆ ಮಾತಿನಿಂದ ಬಂತು ಅನ್ನುವುದು ನಮ್ಮ ಕಡೆಯ ಕಥೆ. ಅದೇ ಜಿಲ್ಲೆಯಲ್ಲಿ, ಹಾಸನದಿಂದ ಸುಮಾರು 50 ಕಿಲೋಮೀಟರ್ ದೂರದ ಶ್ರವಣಬೆಳಗೊಳದಲ್ಲಿ ಬಾಹುಬಲಿ ನಿಂತಿದ್ದಾನೆ. ಅವನ ಕಥೆ ಬೇರೆ. ಅಣ್ಣ ಭರತನ ಸೈನ್ಯ, ತಮ್ಮ ಬಾಹುಬಲಿಯ ಸೈನ್ಯ ಎದುರುಬದುರು ನಿಂತಿವೆ. ಆಗ ಮಂತ್ರಿಗಳು ಮಧ್ಯೆ ಬಂದರು. ನಿಮ್ಮಿಬ್ಬರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕು, ನೀವಿಬ್ಬರೇ ಮೂರು ಪಂದ್ಯ ಆಡಿ ಅಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಕಣ್ಣು ಮಿಟುಕಿಸದೆ ನೋಡುವುದು, ನೀರು ಎರಚುವುದು, ಕುಸ್ತಿ. ಮೂರರಲ್ಲೂ ತಮ್ಮನೇ ಗೆದ್ದ. ಕೊನೆಗೆ ಅಣ್ಣನನ್ನು ತಲೆಯ ಮೇಲೆ ಎತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಮೆಲ್ಲಗೆ ಇಳಿಸಿದ.

ಇಲ್ಲಿ ಮಂತ್ರಿಗಳು ಮಾಡಿದ್ದನ್ನು ಗಮನಿಸಿ. ಪೈಪೋಟಿ ಬೇಡ ಅನ್ನಲಿಲ್ಲ. ಸೋಲು ಗೆಲುವು ಬೇಡ ಅನ್ನಲಿಲ್ಲ. ಆಟದ ನಿಯಮ ಬದಲಿಸಿದರು. ನನಗೆ ಗೇಮ್ ಆರಿಸುವ ದಾರಿ ಸಿಕ್ಕಿದ್ದು ಇಲ್ಲೇ. ಗೇಮ್‌ನಲ್ಲಿ ಬಂದೂಕು ಇದೆಯಾ ಅಂತ ನೋಡುವುದಕ್ಕಿಂತ, ಎದುರಾಳಿ ಕೈಗೆ ಸಿಕ್ಕಾಗ ಕೆಳಗೆ ಇಳಿಸಲು ಈ ಗೇಮ್ ಬಿಡುತ್ತದಾ ಅಂತ ನೋಡಿ. ಕೆಲವು ಗೇಮ್‌ಗಳು "ಹೊಯ್" ಅನ್ನುವುದು ಬಿಟ್ಟು ಬೇರೆ ಏನೂ ಹೇಳುವುದಿಲ್ಲ. ಕೆಲವು ಎರಡು ದಾರಿ ಕೊಡುತ್ತವೆ. ಇನ್ನು ಕೆಲವಕ್ಕೆ ಎದುರಾಳಿಯೇ ಬೇಕಿಲ್ಲ.

ಹೊಡೆಯುವುದೊಂದೇ ದಾರಿ ಇರುವ ಗೇಮ್‌ಗಳು

ನಮ್ಮ ಹುಡುಗರ ಫೋನ್‌ನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅನ್ನುವ ಬಂದೂಕಿನ ಗೇಮ್ ಬಹಳ ಕಾಣುತ್ತದೆ. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಬ್ಯಾನ್ ಆಯಿತು. ಸರ್ಕಾರ ಕೊಟ್ಟ ಕಾರಣ ಹಿಂಸೆ ಅಲ್ಲ, ದೇಶದ ಭದ್ರತೆ ಮತ್ತು ಡೇಟಾ. 2021ರಲ್ಲಿ ಅದೇ ಆಟ ಬಿಜಿಎಂಐ ಅನ್ನುವ ಹೆಸರಲ್ಲಿ ಬಂತು. 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಆಟ ಎಲ್ಲರಿಗೂ ಗೊತ್ತಿರುವುದೇ. 100 ಜನ ಇಳಿಯುತ್ತಾರೆ, ಸುತ್ತಲಿನ ಜಾಗ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ.

ಭಾರತಕ್ಕೆ ಬಂದಾಗ ಇದರಲ್ಲಿ ರಕ್ತದ ಕೆಂಪು ಬಣ್ಣವನ್ನು ಹಸಿರು ಮಾಡಿದ್ದರು. ಇದು ಹೊಸ ಉಪಾಯ ಏನಲ್ಲ. 1992ರಲ್ಲಿ ಬಂದ ಮಾರ್ಟಲ್ ಕೊಂಬಾಟ್ ಅನ್ನುವ ಹೊಡೆದಾಟದ ಗೇಮ್ ಅನ್ನು ನಿಂಟೆಂಡೊ ಕಂಪನಿ ತನ್ನ ಗೇಮ್ ಯಂತ್ರಕ್ಕೆ ತಂದಾಗ ರಕ್ತವನ್ನು ಬೂದು ಬಣ್ಣದ ಬೆವರು ಮಾಡಿತ್ತು. ಇನ್ನೊಂದು ಕಂಪನಿ ಸೆಗಾದ ಯಂತ್ರದಲ್ಲಿ ಒಂದು ಗುಟ್ಟಿನ ಕೋಡ್ ಒತ್ತಿದರೆ ರಕ್ತ ಬರುತ್ತಿತ್ತು. ಆ ಗಲಾಟೆ ಅಮೆರಿಕದ ಸೆನೆಟ್‌ವರೆಗೂ ಹೋಯಿತು. ಅದರಿಂದಲೇ 1994ರಲ್ಲಿ ಅಲ್ಲಿ ಗೇಮ್‌ಗಳಿಗೆ ವಯಸ್ಸಿನ ಗುರುತು ಹಾಕುವ ಪದ್ಧತಿ ಶುರುವಾಯಿತು. ಬಣ್ಣ ಬದಲಾದರೂ ಕೊಲ್ಲುವ ಆಟ ಕೊಲ್ಲುವ ಆಟವೇ. ಹಾಗಾಗಿ ರಕ್ತ ಆಫ್ ಮಾಡಿದ್ದೇನೆ ಅಂತ ಮಗ ಹೇಳಿದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡಿ.

ಆದರೆ ಈ ಗೇಮ್‌ನಲ್ಲಿ ಒಳ್ಳೆಯದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ತಂಡದ ಒಬ್ಬ ಬಿದ್ದರೆ ಉಳಿದವರು ಹೋಗಿ ಎತ್ತಬಹುದು. ಅಕ್ಕನ ಮಗ ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗಿ ಗೆಳೆಯನನ್ನು ಎತ್ತಿದ್ದು ನೋಡಿದ್ದೇನೆ. ಇಬ್ಬರೂ ಸತ್ತರು. "ಪರ್ವಾಗಿಲ್ಲ ಬಿಡು ಮಾವ, ಅವ್ನು ಕರೀತಿದ್ದ" ಅಂದ. ಹತ್ತಿರದ ಮನೆ ಅಂದರೆ ಅರ್ಧ ಕಿಲೋಮೀಟರ್ ನಡೆಯಬೇಕಾದ ತೋಟದಲ್ಲಿ, ಆ ಹುಡುಗನಿಗೆ ಸಂಜೆ ಗೆಳೆಯರು ಸಿಗುವ ಜಾಗ ಅದೊಂದೇ. ಇದನ್ನು ಲೆಕ್ಕಕ್ಕೆ ಹಿಡಿಯದೆ ಫೋನ್ ಕಿತ್ತುಕೊಂಡರೆ ಗೇಮ್ ಜೊತೆಗೆ ಗೆಳೆಯರನ್ನೂ ಕಿತ್ತುಕೊಂಡ ಹಾಗೆ.

ನನಗೆ ಜಾಸ್ತಿ ಬೇಜಾರು ಆಗುವುದು ಬಂದೂಕಿನಿಂದ ಅಲ್ಲ, ವಾಯ್ಸ್ ಚಾಟ್‌ನಿಂದ. ಗುರುತು ಪರಿಚಯ ಇಲ್ಲದ ದೊಡ್ಡವರು 13ರ ಹುಡುಗನ ಕಿವಿಗೆ ಅವ್ವ ಅಕ್ಕನ ಮೇಲೆ ಬೈಗುಳ ಸುರಿಯುತ್ತಾರೆ. ಗೇಮ್ ಒಳಗಿನ ಸಾವು ಸುಳ್ಳು, ಈ ಬೈಗುಳ ನಿಜ. ಮಗ ಹೆಡ್‌ಫೋನ್ ಹಾಕಿಕೊಂಡಿದ್ದರೆ ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ದಿನ ಹೆಡ್‌ಫೋನ್ ತೆಗೆಸಿ ಸ್ಪೀಕರ್‌ನಲ್ಲಿ ಕೇಳಿ. ಆಮೇಲೆ ಗೆಳೆಯರ ತಂಡಕ್ಕೆ ಮಾತ್ರ ಮೈಕ್ ಇರುವ ಹಾಗೆ ಸೆಟ್ಟಿಂಗ್ ಬದಲಿಸಿ. ಎರಡು ನಿಮಿಷದ ಕೆಲಸ.

ಇನ್ನೊಂದು ವಿಷಯ. ಈ ಗೇಮ್‌ಗಳನ್ನು ಮಧ್ಯದಲ್ಲಿ ನಿಲ್ಲಿಸಿ ಇಡಲು ಆಗುವುದಿಲ್ಲ. ಒಂದು ಮ್ಯಾಚ್ ಅರ್ಧ ಗಂಟೆವರೆಗೂ ಹೋಗಬಹುದು. "ಊಟಕ್ಕೆ ಬಾರೋ" ಅಂದಾಗ "ಇದೊಂದ್ ಮ್ಯಾಚ್" ಅನ್ನುವುದು ಎಲ್ಲ ಸಲವೂ ಹಟ ಅಲ್ಲ. ಅವನು ಎದ್ದರೆ ಇನ್ನು ಮೂವರು ಸೋಲುತ್ತಾರೆ. ಮ್ಯಾಚ್ ಶುರುವಾಗುವ ಮೊದಲೇ ಊಟದ ಹೊತ್ತು ಹೇಳಿಬಿಡಿ.

ಎರಡು ದಾರಿ ಕೊಡುವ ಗೇಮ್‌ಗಳು

ನನ್ನ ಪ್ರಕಾರ 12 ದಾಟಿದವರಿಗೆ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಇವು. ಹೊಡೆಯಲು ಬರುವುದೇ ಇಲ್ಲ ಅನ್ನುವ ಕಡೆ ಹೊಡೆಯದೆ ಇರುವುದರಲ್ಲಿ ಏನಿದೆ? ಕೈಯಲ್ಲಿ ಕತ್ತಿ ಇದ್ದೂ ಇಳಿಸುವುದನ್ನು ಆಟವೇ ಕಲಿಸಿದರೆ ಅದು ಬೇರೆಯೇ ಅನುಭವ.

ಅಂಡರ್‌ಟೇಲ್ 2015ರಲ್ಲಿ ಬಂತು. ಹೆಚ್ಚುಕಡಿಮೆ ಒಬ್ಬನೇ ಮನುಷ್ಯ, ಟೋಬಿ ಫಾಕ್ಸ್, ಮಾಡಿದ ಗೇಮ್. ನೋಡಲು ಹಳೇ ಕಾಲದ ಚುಕ್ಕಿ ಚಿತ್ರ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ರಾಕ್ಷಸರು ಎದುರಾದಾಗ ಹೊಡೆಯಬಹುದು, ಮಾತಾಡಿಸಬಹುದು, ಕರುಣೆ ತೋರಿ ಬಿಡಬಹುದು. ಒಬ್ಬೊಬ್ಬ ರಾಕ್ಷಸನಿಗೂ ಒಂದೊಂದು ಸ್ವಭಾವ. ಒಬ್ಬನನ್ನು ಹೊಗಳಬೇಕು, ಇನ್ನೊಬ್ಬನನ್ನು ಸುಮ್ನೆ ಅವನ ಪಾಡಿಗೆ ಬಿಡಬೇಕು. ಒಬ್ಬರನ್ನೂ ಕೊಲ್ಲದೆ ಇಡೀ ಗೇಮ್ ಮುಗಿಸಬಹುದು. ಆದರೆ ಅದು ಸಲೀಸಲ್ಲ. ಅವರು ಹೊಡೆಯುತ್ತಲೇ ಇರುತ್ತಾರೆ, ನೀವು ತಪ್ಪಿಸಿಕೊಳ್ಳುತ್ತಲೇ ಇರಬೇಕು. ಕೊಲ್ಲುವುದರಿಂದ ಬರುವ ಬಲವೂ ನಿಮಗೆ ಸಿಗುವುದಿಲ್ಲ.

ಶುರುವಿನಲ್ಲೇ ತಾಯಿಯ ಹಾಗೆ ನೋಡಿಕೊಳ್ಳುವ ಟೊರಿಯೆಲ್ ಅನ್ನುವ ಪಾತ್ರ ಬರುತ್ತದೆ. ಮೇಕೆಯ ಮುಖದವಳು. ಹೊರಗೆ ಹೋದರೆ ಸಾಯುತ್ತೀಯ ಅಂತ ಬಾಗಿಲಿಗೆ ಅಡ್ಡ ನಿಂತು ಬೆಂಕಿ ಎಸೆಯುತ್ತಾಳೆ. ನಿಮ್ಮ ಜೀವ ತೀರಾ ಕಡಿಮೆಯಾದರೆ ಆ ಬೆಂಕಿಯೇ ನಿಮ್ಮನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಅವಳಿಗೆ ಕೊಲ್ಲುವ ಮನಸ್ಸಿಲ್ಲ. ಅಕ್ಕನ ಮಗ ಇದನ್ನು ಗಮನಿಸಲಿಲ್ಲ. ನಾಲ್ಕೈದು ಸಲ ಬಿಟ್ಟು ನೋಡಿದ, ದಾರಿ ಬಿಡಲಿಲ್ಲ, ಹೊಡೆದ. ಅವಳು ಸತ್ತಳು. ಅವನ ಮುಖ ಸಣ್ಣಗಾಯಿತು. ಸೇವ್ ಮಾಡಿದ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಆಡಿದ. ಇಪ್ಪತ್ತಕ್ಕೂ ಹೆಚ್ಚು ಸಲ ತಾಳ್ಮೆಯಿಂದ ಬಿಡುತ್ತಾ ಹೋದ. ಅವಳು ಅಪ್ಪಿಕೊಂಡು ದಾರಿ ಬಿಟ್ಟಳು. ಬಾಗಿಲು ದಾಟಿದ ಕೂಡಲೇ ಒಂದು ಹೂವಿನ ಪಾತ್ರ ಬಂದು, ನೀನು ಮೊದಲು ಏನು ಮಾಡಿದ್ದೆ ಅಂತ ನನಗೆ ಗೊತ್ತು ಅನ್ನುತ್ತದೆ. ಕೊಂದು, ಮನಸ್ಸಿಗೆ ಕಷ್ಟವಾಗಿ ವಾಪಸ್ ಬಂದೆ ಅಲ್ವಾ ಅಂತ ಕೇಳುತ್ತದೆ. ಹುಡುಗ ಕೀಬೋರ್ಡ್‌ನಿಂದ ಕೈ ತೆಗೆದ. "ಮಾವ, ಇದಕ್ಕೆ ಹೆಂಗೆ ಗೊತ್ತಾಯ್ತು?"

ಬಂದೂಕಿನ ಗೇಮ್‌ನಲ್ಲಿ ಸಾವಿರ ಜನರನ್ನು ಹೊಡೆದಿದ್ದ ಹುಡುಗ ಒಂದು ಚುಕ್ಕಿ ಚಿತ್ರದ ಮೇಕೆಗಾಗಿ ರಾತ್ರಿ ಊಟದ ಹೊತ್ತಿನವರೆಗೂ ಮಾತಾಡಿದ. ಸತ್ತವರು ಯಾರು ಅಂತ ಗೊತ್ತಾದರೆ ಮಾತ್ರ ಸಾವು ತಟ್ಟುತ್ತದೆ. ಈ ಗೇಮ್‌ಗೆ ಒಂದು ತೊಂದರೆ ಇದೆ. ಇಂಗ್ಲಿಷ್ ಓದುವುದು ಜಾಸ್ತಿ. ಕನ್ನಡ ಮಾಧ್ಯಮದ ಮಕ್ಕಳ ಪಕ್ಕ ಯಾರಾದರೂ ಕೂತು ಹೇಳಬೇಕು. ನಾನು ಹಾಗೇ ಮಾಡಿದೆ. ನಿಜ ಹೇಳಬೇಕೆಂದರೆ, ಅದೇ ಈ ವರ್ಷದ ನನ್ನ ಒಳ್ಳೆಯ ಸಂಜೆಗಳು.

ದೊಡ್ಡವರು ಆಡುವುದಾದರೆ ಇನ್ನೂ ಇವೆ. ಮೆಟಲ್ ಗೇರ್ ಸಾಲಿಡ್ 3ರಲ್ಲಿ, ಅದು 2004ರದ್ದು, ಒಂದು ಕಡೆ ನದಿಯಲ್ಲಿ ನಡೆಯಬೇಕು. ಆವರೆಗೆ ನೀವು ಕೊಂದವರೆಲ್ಲ ಎದುರಿಗೆ ನಡೆದು ಬರುತ್ತಾರೆ. ಜಾಸ್ತಿ ಕೊಂದವರಿಗೆ ಆ ನದಿ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಡಿಸ್‌ಆನರ್ಡ್, 2012ರದ್ದು, ನೀವು ಕೊಂದಷ್ಟೂ ಊರಲ್ಲಿ ಇಲಿಗಳೂ ರೋಗವೂ ಹೆಚ್ಚುತ್ತವೆ, ಕಥೆಯ ಕೊನೆಯೂ ಕತ್ತಲಾಗುತ್ತದೆ. ಆದರೆ ಇದರಲ್ಲಿ ನನಗೆ ಒಪ್ಪದ ಎರಡು ಮಾತಿವೆ. ಒಳ್ಳೊಳ್ಳೆ ಅಸ್ತ್ರಗಳೆಲ್ಲ ಕೊಲ್ಲುವವನಿಗೇ. ಕೊಲ್ಲದವನು ಕೈಕಟ್ಟಿಕೊಂಡು ಆಡಬೇಕು. ಎರಡನೆಯದು ಇನ್ನೂ ದೊಡ್ಡದು. ಒಬ್ಬ ಹೆಂಗಸನ್ನು ಕೊಲ್ಲದೆ ಬಿಡುವ ದಾರಿ ಅಂದರೆ, ಎಚ್ಚರ ತಪ್ಪಿಸಿ ಅವಳ ಹಿಂದೆ ಬಿದ್ದಿರುವ ಗಂಡಸಿನ ಕೈಗೆ ಒಪ್ಪಿಸುವುದು. ಗೇಮ್ ಇದನ್ನು ಕೊಲ್ಲದ ಲೆಕ್ಕಕ್ಕೆ ಹಾಕುತ್ತದೆ. ನಾನು ಹಾಕುವುದಿಲ್ಲ. ಜೀವ ತೆಗೆಯದಿದ್ದರೆ ಸಾಕು, ಅದು ಅಹಿಂಸೆ ಅಂದುಕೊಂಡವರ ತಪ್ಪು ಇದು.

ಡ್ಯೂಸ್ ಎಕ್ಸ್ ಸರಣಿಯ 2011ರ ಗೇಮ್‌ನಲ್ಲಿ ಇಡೀ ದಾರಿ ಯಾರನ್ನೂ ಕೊಲ್ಲದೆ ಬಂದರೂ ದೊಡ್ಡ ಖಳರನ್ನು ಕೊಲ್ಲಲೇಬೇಕಿತ್ತು. ಆಟಗಾರರು ಬಹಳ ಬೇಸರ ಮಾಡಿಕೊಂಡರು. 2013ರ ಹೊಸ ಆವೃತ್ತಿಯಲ್ಲಿ ಅದನ್ನು ತಿದ್ದಿದರು. ಕೊಲ್ಲದೆ ಆಡಲು ಅಷ್ಟೊಂದು ಜನ ಕಾಯುತ್ತಿದ್ದರು ಅನ್ನುವುದೇ ನನಗೆ ಖುಷಿ.

ಎದುರಾಳಿಯೇ ಬೇಡದ ಗೇಮ್‌ಗಳು

ಸ್ಟಾರ್‌ಡ್ಯೂ ವ್ಯಾಲಿ 2016ರದ್ದು. ಇದೂ ಒಬ್ಬನೇ ಮಾಡಿದ್ದು. ಅಜ್ಜನ ಹಾಳುಬಿದ್ದ ಹೊಲ ಸರಿಮಾಡಿ ಬೆಳೆ ತೆಗೆಯುವ ಆಟ. ಅದರಲ್ಲಿ ಕಾಫಿ ಬೀಜ ಹಾಕಿದರೆ 10 ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯುವ ಮನೆಯಲ್ಲಿ ಹುಟ್ಟಿದ ಹುಡುಗ ಬಿದ್ದು ಬಿದ್ದು ನಕ್ಕ. ಭಾವನನ್ನೂ ಕರೆದು ತೋರಿಸಿದ. ಗೇಮ್ ಅಂದರೆ ಸಿಡಿಮಿಡಿ ಅನ್ನುತ್ತಿದ್ದ ಭಾವ ಕಾಲು ಗಂಟೆ ಕೂತು ಯಾವ ಬೆಳೆಗೆ ಎಷ್ಟು ಲಾಭ ಅಂತ ಲೆಕ್ಕ ಹಾಕಿದರು. ಇದರ ಗಣಿಯಲ್ಲಿ ಸಣ್ಣಪುಟ್ಟ ರಾಕ್ಷಸರನ್ನು ಹೊಡೆಯುವುದು ಇದೆ. ಅದು ಗೊತ್ತಿರಲಿ. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗಿಯಿತು, ಜಾಹೀರಾತು ಇಲ್ಲ, ನೆಟ್ ಬೇಕಿಲ್ಲ.

ಮೈನ್‌ಕ್ರಾಫ್ಟ್‌ನಲ್ಲಿ ಪೀಸ್‌ಫುಲ್ ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಮೈಮೇಲೆ ಬೀಳುವ ರಾಕ್ಷಸರು ಇರುವುದಿಲ್ಲ. ಕಟ್ಟುತ್ತಾ ಹೋಗಬಹುದು. ನಮ್ಮವನು ಮಂಜರಾಬಾದ್ ಕೋಟೆ ಕಟ್ಟಲು ಹೊರಟ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಬರೀ ಚೌಕದ ಇಟ್ಟಿಗೆಯಲ್ಲಿ ನಕ್ಷತ್ರದ ಓರೆ ಗೋಡೆ ಬರಬೇಕು. ಎರಡು ಸಲ ಕೆಡವಿದ. ಮೂರನೇ ಸಲಕ್ಕೆ ಗ್ರಾಫ್ ಹಾಳೆ ತಂದು ಲೆಕ್ಕ ಬರೆದ. ಆಮೇಲೆ ಒಂದು ಭಾನುವಾರ ನಿಜವಾದ ಕೋಟೆಗೆ ಹೋಗಿ ಒಂದು ಗೋಡೆಯನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಬಂದೆವು.

ಚಿಕ್ಕ ಮಕ್ಕಳಿಗೆ, ಸುಸ್ತಾದ ದೊಡ್ಡವರಿಗೆ ಮಾನ್ಯುಮೆಂಟ್ ವ್ಯಾಲಿ, ಆಲ್ಟೋಸ್ ಒಡಿಸ್ಸಿ ಚೆನ್ನಾಗಿವೆ. ಎರಡನೆಯದರಲ್ಲಿ ಅಂಕವೂ ಇಲ್ಲದ, ಸೋಲೂ ಇಲ್ಲದ ಜೆನ್ ಮೋಡ್ ಇದೆ.

ಆದರೆ ರಕ್ತ ಇಲ್ಲ ಅಂದ ಮಾತ್ರಕ್ಕೆ ಒಳ್ಳೆಯದು ಅನ್ನಬೇಡಿ. ಫ್ರೀ ಅಂತ ಸಿಗುವ ಎಷ್ಟೋ ಬಣ್ಣ ಬಣ್ಣದ ಗೇಮ್‌ಗಳು ಐದು ನಿಮಿಷಕ್ಕೊಮ್ಮೆ ಜಾಹೀರಾತು ತೋರಿಸುತ್ತವೆ. ಆ ಜಾಹೀರಾತಿನಲ್ಲಿ ಏನು ಬರುತ್ತದೆ ಅನ್ನುವುದು ನಿಮ್ಮ ಕೈಲಿಲ್ಲ. ಜೀವ ಮುಗಿಯಿತು, ದುಡ್ಡು ಹಾಕು ಅನ್ನುತ್ತವೆ. ಇಂಥದರ ಬದಲು ಕಾಸು ಕೊಟ್ಟು ಕೊಂಡ ಒಂದು ಗೇಮ್ ಎಷ್ಟೋ ವಾಸಿ. ದುಡ್ಡು ಕಟ್ಟಿ ಆಡುವ ರಮ್ಮಿಯಂಥ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ನಿಷೇಧಿಸಿತು. ಅದರಲ್ಲೂ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ.

ಸಂಶೋಧನೆ ಏನನ್ನುತ್ತದೆ, ನಮ್ಮ ಮಳೆ ಏನನ್ನುತ್ತದೆ

ಗುಂಡಿನ ಗೇಮ್ ಆಡಿದರೆ ಮಗ ರೌಡಿ ಆಗುತ್ತಾನಾ ಅಂತ ಅಕ್ಕ ಕೇಳಿದ್ದಳು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಹೀಗೆ: ಇಂಥ ಗೇಮ್‌ಗೂ ಕೂಗಾಡುವುದು, ತಳ್ಳಾಡುವುದರಂಥ ನಡವಳಿಕೆಗೂ ಸಣ್ಣದೊಂದು ನಂಟು ಕಾಣುತ್ತದೆ. ಆದರೆ ನಿಜವಾದ ಹಿಂಸಾಚಾರಕ್ಕೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ. 2019ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ 14, 15 ವಯಸ್ಸಿನ ಸುಮಾರು 1000 ಮಕ್ಕಳನ್ನೂ ಅವರ ಪೋಷಕರನ್ನೂ ಕೇಳಿ ನೋಡಿದರು. ಅವರಿಗೆ ನಂಟು ಕಾಣಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು 2014ರ ಇನ್ನೊಂದು ಕೆಲಸ. ಅದರಲ್ಲಿ ರಕ್ತವೇ ಇಲ್ಲದ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನೂ ಬಳಸಿದ್ದರು. ಗೇಮ್‌ನಲ್ಲಿ ಹಿಂಸೆ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಆಟ ಕೈಗೆ ಬಾರದೆ ಕಿರಿಕಿರಿ ಮಾಡಿದಾಗ ಜನ ಸಿಟ್ಟಾಗುತ್ತಾರೆ ಅನ್ನುವುದು ಅದರ ಸಾರ. ಇದನ್ನು ಓದಿದಾಗ ನನಗೆ ಸಕಲೇಶಪುರದ ಜುಲೈ ನೆನಪಾಯಿತು. ಮೂರು ದಿನ ಬಿಡದೆ ಮಳೆ. ಕರೆಂಟ್ ಇಲ್ಲ, ಟವರ್ ಸಿಗ್ನಲ್ ಒಂದು ಕಡ್ಡಿ. ಹುಡುಗ ಕಿಟಕಿ ಹತ್ತಿರ ಫೋನ್ ಹಿಡಿದು ಆಡುತ್ತಿದ್ದ. ಇವನು ಗುಂಡು ಹಾರಿಸುವ ಹೊತ್ತಿಗೆ ಎದುರಾಳಿ ಇವನನ್ನು ಕೊಂದು ಆಗಿರುತ್ತಿತ್ತು. ನೆಟ್ ನಿಂತು ನಿಂತು ಬರುತ್ತಿತ್ತು. ಅವತ್ತು ತಂಗಿಗೆ ಹೊಡೆದ. ಅಕ್ಕ ಗೇಮ್‌ನ ಬಂದೂಕನ್ನು ಬೈದಳು. ನನಗೆ ಅದು ಸಿಗ್ನಲ್‌ನ ಸಿಟ್ಟು ಅನ್ನಿಸಿತು. ಮಲೆನಾಡಿನ ಮನೆಗಳಿಗೆ ನಾನು ಹೇಳುವುದು ಇಷ್ಟೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್ ಬೇಡದ ಗೇಮ್ ಇಟ್ಟುಕೊಳ್ಳಿ. ಜಗಳ ಕಮ್ಮಿಯಾಗುತ್ತದೆ.

ಸಿಟ್ಟಿಗಿಂತ ಬೇರೆ ಲಕ್ಷಣ ಕಂಡರೆ, ಅಂದರೆ ನಿದ್ದೆ, ಊಟ, ಶಾಲೆ ಎಲ್ಲ ಬಿಟ್ಟು ಗೇಮ್ ಒಂದೇ ಆಗಿಹೋದರೆ, ಆಗ ಗೇಮ್ ಬದಲಿಸಿ ಉಪಯೋಗ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಒಂದು ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಯಾರಿಗೆ ಯಾವುದು?

ಪ್ಲೇ ಸ್ಟೋರ್‌ನಲ್ಲಿ ಗೇಮ್ ಹೆಸರಿನ ಕೆಳಗೆ 3+, 7+, 12+, 16+, 18+ ಅಂತ ಇರುತ್ತದೆ. ಅದನ್ನು ಮೊದಲು ನೋಡಿ. ಆದರೆ ಅದೊಂದನ್ನೇ ನಂಬಬೇಡಿ. ವಾಯ್ಸ್ ಚಾಟ್‌ನಲ್ಲಿ ಯಾರು ಏನು ಬೈಯುತ್ತಾರೆ ಅಂತ ಆ ಅಂಕಿ ಹೇಳುವುದಿಲ್ಲ. ಅರ್ಧ ಗಂಟೆ ನೀವೇ ಆಡಿ ನೋಡಿ.

8ರೊಳಗಿನವರಿಗೆ ಎದುರಾಳಿ ಇಲ್ಲದ ಗೇಮೇ ಇರಲಿ. 8ರಿಂದ 12ರವರಿಗೆ ಮೈನ್‌ಕ್ರಾಫ್ಟ್ ಪೀಸ್‌ಫುಲ್, ಸ್ಟಾರ್‌ಡ್ಯೂ. 12 ದಾಟಿದವರಿಗೆ ಅಂಡರ್‌ಟೇಲ್ ಥರದ್ದು ಮೊದಲು, ಬಂದೂಕಿನದು ಆಮೇಲೆ. ಬಂದೂಕಿನದನ್ನು ಆಡುವುದಾದರೆ ಗುರುತಿರುವ ಗೆಳೆಯರ ಜೊತೆ, ಮನೆಯವರ ಎದುರಿಗೆ, ಮೊದಲೇ ಮಾತಾಡಿಕೊಂಡ ಹೊತ್ತಿಗೆ. ಬಿಜಿಎಂಐ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದೆ. ನನ್ನ ಪ್ರಕಾರ ಶಾಲೆಯ ದಿನಕ್ಕೆ ಅದೂ ಜಾಸ್ತಿ. ದೊಡ್ಡವರಿಗೆ ದಿಸ್ ವಾರ್ ಆಫ್ ಮೈನ್ ಆಡಿ ನೋಡಿ ಅನ್ನುತ್ತೇನೆ. 2014ರಲ್ಲಿ ಪೋಲೆಂಡ್‌ನವರು ಮಾಡಿದ್ದು. ಬೋಸ್ನಿಯಾ ದೇಶದ ಸರಾಯೆವೊ ನಗರದ ಮುತ್ತಿಗೆಯಿಂದ ಹುಟ್ಟಿದ ಆಟ. ಇದರಲ್ಲಿ ನೀವು ಸೈನಿಕ ಅಲ್ಲ, ಅನ್ನ ಔಷಧಿ ಹುಡುಕುವ ಸಾಮಾನ್ಯ ಜನ. ಮುದುಕ ಮುದುಕಿಯ ಮನೆಯಿಂದ ಕದ್ದರೆ ನಿಮ್ಮ ಪಾತ್ರಗಳೇ ಕುಗ್ಗಿಹೋಗುತ್ತವೆ. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ಶಾಲೆಯ ದೊಡ್ಡ ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಚಿಕ್ಕವರಿಗೆ ಖಂಡಿತ ಬೇಡ, ತುಂಬಾ ಭಾರ.

ಕಂಪ್ಯೂಟರ್ ಇಲ್ಲ, ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಅನ್ನುವವರಿಗೆ ಹುಲಿ ಕುರಿ ಆಟ ಇದೆ. ಕರ್ನಾಟಕದ ಎಷ್ಟೋ ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂಥ ಆಟಗಳ ಮನೆ ಕೊರೆದಿದ್ದಾರೆ. 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ಹೊಡೆಯಲು ಬರುವುದೇ ಇಲ್ಲ. ಒಂದರ ಬೆನ್ನಿಗೆ ಒಂದು ನಿಂತು ಹುಲಿ ಅಲ್ಲಾಡದ ಹಾಗೆ ದಾರಿ ಕಟ್ಟಬೇಕು. ಒಂದೇ ಆಟದಲ್ಲಿ ಒಬ್ಬನಿಗೆ ಹಿಂಸೆಯ ದಾರಿ, ಇನ್ನೊಬ್ಬನಿಗೆ ಅದಿಲ್ಲದ ದಾರಿ. ಇಬ್ಬರಿಗೂ ಗೆಲ್ಲಲು ಸಾಧ್ಯ.

ಆ ಜುಲೈನಲ್ಲಿ ಕರೆಂಟ್ ಬಾರದ ಮೂರನೇ ಸಂಜೆ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆವು. ಹುಣಸೆ ಬೀಜ ಕುರಿ, ಬೆಣಚು ಕಲ್ಲು ಹುಲಿ. ಹುಡುಗ ಮೊದಲ ನಾಲ್ಕು ಆಟದಲ್ಲೂ ಹುಲಿಯೇ ಬೇಕು ಅಂತ ತಗೊಂಡ. ಐದನೆಯದಕ್ಕೆ ತಂಗಿ ಕೈಯಿಂದ ಹುಣಸೆ ಬೀಜ ಇಸ್ಕೊಂಡ.